ಭೋಂಗಾ ಆದಮ್ಯಾಲ ಬಂದ ಡಬ್ಬಿ

ಮಧುಮತಿಯ ವಿಡಿಯೊ ನಡೆಯುವಾಗ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವಂತಿರಲಿಲ್ಲ. ಹಿತ್ತಲಲ್ಲಿ ನಲ್ಲಿ ಬಿಡುವಂತಿರಲಿಲ್ಲ. ಪಡಸಾಲೆಯಲ್ಲಿ ಕೂತ ಮಾವ ಪರಸಪ್ಪ ಕೆಮ್ಮುವಂತಿರಲಿಲ್ಲ.

"ಅಲ್ಲವಾ, ಕೆಮ್ಮು ಬಂದ್ರ ನಾ ಏನ ಮಾಡ್ಲಿ? ಕಾಳಿ ಹೊಳಿ ದಂಡಿಗೆ ಹೋಗಿ ಕೆಮ್ಮಿ ಬರ್ಲೇನು?"

"ಒಂದ ಸ್ವಲ್ಪ ತಡೀರಿ ಮಾವಾರ, ರೊಟ್ಟಿ ಉಬ್ಬಾಕತ್ತೈತಿ."

ರೊಟ್ಟಿ ಉಬ್ಬುತ್ತಿತ್ತು. ಮಧುಮತಿ ಅದನ್ನು ಹಂಚಿನ ಮೇಲಿಂದ ಎತ್ತಿ ಫೋನಿನ ಮುಂದೆ ಹಿಡಿದು ಹೇಳುತ್ತಿದ್ದಳು: "ನೋಡ್ರಿ, ಎಷ್ಟ ಮೆತ್ತಗ ಬಂದೈತಿ. ಇದನ್ನ ನನಗ ಕಲಿಸಿದವ್ರು ನಮ್ಮ ಅತ್ತಿಯವ್ರು. ಅವರ ಕೈಗುಣಾನ ಕೈಗುಣ."

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹಿರಿಸೊಸೆ ನಿರ್ಮಲಾಳ ಕೈ ನಿಂತುಬಿಡುತ್ತಿತ್ತು. ವಿಡಿಯೊ ಮುಗಿದ ಮೇಲೂ ಆ ಕೈ ಬೇಗ ಮತ್ತೆ ಶುರುವಾಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮುಂಡಗೋಡದಿಂದ ಈ ಮನೆಗೆ ಬಂದ ಮಧುಮತಿಗೆ ಅನ್ನ ಬಸಿಯಲು ಬರುತ್ತಿತ್ತೇ ಹೊರತು ರೊಟ್ಟಿ ಬರುತ್ತಿರಲಿಲ್ಲ. ಅವಳು ಬಡಿದ ರೊಟ್ಟಿ ಹರಿದು, ದಾಂಡೇಲಿಯ ನಕಾಶೆಯಾಗಿ ಪರಾತದಲ್ಲೇ ಉಳಿಯುತ್ತಿತ್ತು. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹೊಯ್ಯುವುದನ್ನು, ಅಂಗೈಯ ಬುಡದಿಂದ ನಾದುವುದನ್ನು, ಬೆರಳ ತುದಿಯಿಂದಲ್ಲ, ಬೆರಳ ಹೊಟ್ಟೆಯಿಂದ ಬಡಿಯುವುದನ್ನು ಕಲಿಸಿದವಳು ನಿರ್ಮಲಾ. ಹಿಂದೆ ನಿಂತು, ಅವಳ ಕೈಮೇಲೆ ತನ್ನ ಕೈ ಇಟ್ಟು ಕಲಿಸಿದ್ದಳು. ಅತ್ತೆ ಗೋದುಬಾಯಿ ಆಗಲೇ ಮಂಡಿನೋವಿನಿಂದ ಒಲೆಯ ಮುಂದೆ ನಿಲ್ಲುವುದನ್ನು ಬಿಟ್ಟಿದ್ದಳು. ಅದು ಅತ್ತೆಗೂ ಗೊತ್ತು. ಆದರೆ ಫೋನಿನಲ್ಲಿ ತನ್ನ ಹೆಸರು ಕೇಳಿದಾಗೆಲ್ಲ ಸೆರಗು ಸರಿಮಾಡಿಕೊಂಡು, "ಇನ್ನೊಮ್ಮೆ ಹಚ್ಚಬೇ, ಸರಿ ಕೇಳ್ಸಲಿಲ್ಲ" ಎನ್ನುತ್ತಿದ್ದಳು.

ನಿರ್ಮಲಾ ಗಂಡನ ಮುಂದೆ ಹೇಳಿ ನೋಡಿದಳು. ಜ್ಯೋತಿಬಾ ತಂದೆ ದುಡಿದ ಕಾಗದದ ಮಿಲ್ಲಿನಲ್ಲೇ ಗುತ್ತಿಗೆಯವರ ಕೈಕೆಳಗೆ ಪಾಳಿ ಮಾಡುತ್ತಿದ್ದ. ಬಂದವನೇ ಊಟಕ್ಕೆ ಕೂತಿದ್ದ.

"ನಿಮ್ಮ ತಮ್ಮ ಸುಭಾಸ ಹೆಂಡ್ತಿಗೆ ಉಂಗರದಂಥಾ ದೊಡ್ಡ ದೀಪ ತಂದಾನ, ನೋಡಿದ್ರೇನು? ಮುಖದ ಮ್ಯಾಲ ಬೆಳಕ ಬೀಳಾಕಂತ."

"ತರವಲ್ನ್ಯಾಕ. ರಿಸಾರ್ಟ್ ಜೀಪ್ ಹೊಡೀತಾನ, ಪ್ರವಾಸಿ ಮಂದಿ ಟಿಪ್ಸ್ ಕೊಡ್ತಾರ. ನಮಗ ಮಿಲ್ಲಿನ್ಯಾಗ ಟಿಪ್ಸ್ ಅಂದ್ರ ಸುಪರ್‌ವೈಜರ್ ಬೈಗಳ."

"ನನ್ನ ಮುಖದ ಮ್ಯಾಲ ಎಂದಾದ್ರೂ ಬೆಳಕ ಬಿಟ್ಟಿರೇನು?"

"ಟ್ಯೂಬ್‌ಲೈಟ್ ಐತಲ್ಲ," ಎಂದು ಜ್ಯೋತಿಬಾ ಮತ್ತೊಂದು ರೊಟ್ಟಿಗೆ ಕೈಚಾಚಿದ.

ಆ ವಾರವೇ ನಿರ್ಮಲಾ ತವರಿಗೆಂದು ಹಳಿಯಾಳದ ಬಸ್ಸು ಹತ್ತಿದ್ದಳು. ಪಕ್ಕದಲ್ಲಿ ಕೂತ ಹೆಂಗಸು ಅವಳನ್ನು ತಿರುತಿರುಗಿ ನೋಡಿ ಕೇಳಿದಳು: "ನೀವು ಆ ರೊಟ್ಟಿ ಮಧುಮತಿ ಮನಿಯವ್ರಲ್ಲೇನ್ರಿ? ವಿಡಿಯೋದಾಗ ಹಿಂದ ಬಾಂಡೆ ತಿಕ್ಕೋಕೋತ ಕೂತಿರ್ತೀರಿ, ನೋಡೇನಿ."

ನಿರ್ಮಲಾ ಊರು ಬರುವತನಕ ಕಿಟಕಿಯ ಕಡೆ ಮುಖ ಮಾಡಿದ್ದಳು.

ತವರಿನಿಂದ ಬಂದ ದಿನ ಸಂಜೆ ತನ್ನ ಫೋನು ತೆಗೆದಳು. ಅದು ಮಗಳು ಸುಮಿತಾಳ ಹಳೆಯ ಫೋನು, ಗಾಜು ಒಡೆದದ್ದು. ಮಧುಮತಿಯ ವಿಡಿಯೊ ಹಾಕಿ, ಕೆಳಗೆ ಮಂದಿ ಬರೆಯುವ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿದಳು: 'ಎಸರು ಕುದಿಯುವ ಮೊದಲೇ ಹೊಯ್ದೀರಿ. ಹಿಂಗ ಮಾಡಿದರೆ ರೊಟ್ಟಿ ಆರಿದ ಮೇಲೆ ಚರ್ಮ ಆಗತೈತಿ.' ತನ್ನ ಹೆಸರಲ್ಲೇ ಹೋಗುತ್ತದೆ, ಮಧುಮತಿ ಓದುತ್ತಾಳೆ, ಬಂದು ಕೇಳುತ್ತಾಳೆ, ಆಗ ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದಳು.

ಆದರೆ ಆ ಮಾತಿನ ಮೇಲೆ ಬಂದ ಹೆಸರು 'ಕಾಳಿ ಮೊಸಳಿ'. ಸುಮಿತಾ ಹತ್ತನೆಯ ತರಗತಿಯಲ್ಲಿದ್ದಾಗ ಚೇಷ್ಟೆಗೆ ತೆರೆದ ಖಾತೆ ಆ ಫೋನಿನಲ್ಲೇ ಉಳಿದುಬಿಟ್ಟಿತ್ತು.

ಮಧುಮತಿ ಓದಿದಳು. "ಯಾವದೋ ಮೊಸಳಿ ನನಗ ರೊಟ್ಟಿ ಕಲಿಸಾಕ ಬಂದೈತಿ," ಎಂದು ನಕ್ಕಳು. ನಕ್ಕರೂ ಮರುದಿನ ಎಸರನ್ನು ಚೆನ್ನಾಗಿ ಕುದಿಸಿದಳು. ನಿರ್ಮಲಾ ಪಕ್ಕದಲ್ಲೇ ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ಒಂದು ಮಾತಿಗೆ ಮನೆಯಲ್ಲಿ ಯಾರೂ ಅಷ್ಟು ಲಕ್ಷ್ಯ ಕೊಟ್ಟಿರಲಿಲ್ಲ.

ಅಲ್ಲಿಂದ ಮೊಸಳೆಗೆ ಬಾಯಿ ಬಂತು. ಝುಣಕದ ವಿಡಿಯೊ ಬಂದರೆ, 'ಇದನ್ನ ಗೋಡಿಗೆ ಗಿಲಾವ್ ಮಾಡಬಹುದು.' ಕಟ್ಟಿನ ಸಾರು ಬಂದರೆ, 'ಕಟ್ಟು ಎಲ್ಲಿ? ನೀರಷ್ಟ ಕಾಣತೈತಿ, ಸೂಪಾ ಡ್ಯಾಮ್ ಗೇಟ್ ತೆಗೆದಾರೇನು?' ಈ ಮಾತಿಗೆ ನೂರಾರು ಮಂದಿ ನಗುವ ಮುಖ ಒತ್ತಿದರು. ಮಧುಮತಿಯ ಸಾರಿಗೆ ಅಷ್ಟು ಮಂದಿ ಒತ್ತಿರಲಿಲ್ಲ. ನಿರ್ಮಲಾ ಹಿಟ್ಟು ನಾದುವಾಗ ತನ್ನಷ್ಟಕ್ಕೆ ತಾನೇ ನಗುವುದನ್ನು ಕಂಡ ಗೋದುಬಾಯಿ ಕೇಳಿದಳು, "ಏನವಾ, ತವರಮನಿಯಿಂದ ಏನರ ಸುದ್ದಿ ಬಂದೈತೇನು?"

"ಇಲ್ರಿ ಅತ್ತಿ. ಹಿಟ್ಟ ಛಲೋ ಬಂದೈತಿ."

ಮೊಸಳೆಯ ಹಿಂದೆ ಬೇರೆಯವರೂ ಬಂದರು. ಒಬ್ಬ ಮಧುಮತಿಯ ಬಣ್ಣದ ಬಗ್ಗೆ ಬರೆದ. ಇನ್ನೊಬ್ಬ ಅವಳಿಗೆ ಇನ್ನೂ ಮಕ್ಕಳಾಗಿಲ್ಲದ್ದರ ಬಗ್ಗೆ ಬರೆದ. ಅದನ್ನು ಓದಿದ ದಿನ ಮಧುಮತಿ ಊಟಕ್ಕೆ ಬರಲಿಲ್ಲ. ಸುಭಾಸ ಒಬ್ಬನೇ ಬಂದು ಕೂತ.

"ಏನಾಗೇತ್ಯೋ ಆಕೀಗೆ?" ಗೋದುಬಾಯಿ ಕೇಳಿದಳು.

"ಆಕೀನ ಟ್ರೋಲ್ ಮಾಡಾಕತ್ತಾರಬೇ."

ಪರಸಪ್ಪನ ಮುಖ ಅರಳಿತು. ಕೆಲಸದಲ್ಲಿದ್ದಷ್ಟು ಕಾಲವೂ ಅವನು ಮಿಲ್ಲಿನಲ್ಲಿ ಕಾಗದದ ರೋಲು ಸುತ್ತುವ ಮಶಿನ್ನಿನ ಮುಂದೆ ನಿಂತವನು. "ರೋಲ್? ಭೇಷ್! ಎಷ್ಟ ಟನ್ನಿಂದು?"

"ರೋಲ್ ಅಲ್ಲೋ ಅಪ್ಪಾ, ಟ್ರೋಲ್."

"ಅಂದ್ರ ಸಿನಿಮಾದಾಗ ರೋಲ್ ಸಿಕ್ಕೈತೇನೋ?" ಗೋದುಬಾಯಿಗೆ ಗಾಬರಿಯೇ ಆಯಿತು. "ಹೇಳಿಲ್ಲ ಕೇಳಿಲ್ಲ!"

ಬಡಿಸುತ್ತಿದ್ದ ನಿರ್ಮಲಾಳ ಸೌಟು ತಟ್ಟೆಗೆ ತಾಕಿ ಸಾರು ಚೆಲ್ಲಿತು. ಒಂದು ಕ್ಷಣ ಅವಳೂ ಹಾಗೆಯೇ ನಂಬಿದ್ದಳು. ಇನ್ನು ಇವಳನ್ನು ಹಿಡಿಯುವವರಿಲ್ಲ ಎಂದು ಎದೆಯೊಳಗೆ ಒಲೆ ಹೊತ್ತಿತ್ತು.

ಸುಮಿತಾ ನಗಲಿಲ್ಲ. ಎರಡನೆಯ ಪಿಯುಸಿ ಮುಗಿಸಿ, ಧಾರವಾಡದ ಕಾಲೇಜಿಗೆ ಸೇರುವ ದಿನವನ್ನೇ ಕಾಯುತ್ತಿದ್ದ ಹುಡುಗಿ ಅದು. "ರೋಲೂ ಅಲ್ಲ, ಟೋಲೂ ಅಲ್ಲ, ಆಯಿ," ಎಂದಳು ಅಜ್ಜಿಗೆ. "ನಾಕ ಮಂದಿ ಮಾತಾಡೂ ಜಾಗಾದಾಗ ಒಬ್ರು ಬಂದು ಬೇಕಂತ ಚುಚ್ಚಿ ಮಾತಾಡ್ತಾರ. ಅವರಿಗೆ ಸರಿ-ತಪ್ಪು ಬೇಕಾಗಿಲ್ಲ. ಎದುರಿನವ್ರು ಸಿಟ್ಟಾಗಬೇಕು, ಅಳಬೇಕು, ಉಳಿದವ್ರು ನಗಬೇಕು. ಅದಕ್ಕ ಟ್ರೋಲ್ ಅಂತಾರ. ಮಾಡಾವ್ರಿಗೂ ಅದ ಹೆಸರು."

"ಹಂಗಂದ್ರ ಕಡ್ಡಿ ಆಡಸೂದು," ಎಂದಳು ಗೋದುಬಾಯಿ. "ಇದಕ್ಕ ಇಂಗ್ಲಿಷ್ ಯಾಕ ಬೇಕು? ನಮ್ಮ ಓಣಿ ದುರ್ಗವ್ವ ಹುಟ್ಟಿದಾಗಿಂದ ಅದನ್ನ ಮಾಡಾಕತ್ತಾಳ."

"ದುರ್ಗವ್ವ ಕಟ್ಟಿ ಮ್ಯಾಲ ಕೂತು ಎದುರಿಗೇ ಮಾಡ್ತಾಳ ಆಯಿ. ಇವರು ಮುಖಾ ಮುಚಗೊಂಡು ಮಾಡ್ತಾರ."

ನಿರ್ಮಲಾ ಚೆಲ್ಲಿದ ಸಾರು ಒರೆಸುತ್ತ ತಲೆ ಎತ್ತದೆ ಕೇಳಿದಳು. "ಇದ್ದದ್ದು ಹೇಳಿದ್ರೂ ಅದಾ ಹೆಸರೇನು? ಸಾರ ನೀರಾಗಿದ್ರ ನೀರಾಗೇತಿ ಅನಬಾರದೇನು?"

"ಹೆಸರ ಹಾಕಿ ಅಂದ್ರ ಅದು ಮಾತು, ಅವ್ವಾ. ಮೊಸಳಿ ಅಂತ ಹಾಕಿ ಅಂದ್ರ ಟ್ರೋಲು."

ಮಗಳು ತನ್ನನ್ನೇ ನೋಡುತ್ತಿದ್ದುದನ್ನು ನಿರ್ಮಲಾ ಕಂಡಳು. ಸುಮಿತಾಗೆ ತನ್ನ ಹಳೆಯ ಖಾತೆಯ ಗುರುತು ಮೊದಲ ದಿನವೇ ಸಿಕ್ಕಿತ್ತು ಎಂಬುದು ಆಗ ಹೊಳೆಯಿತು. ಹುಡುಗಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಸ್ವಲ್ಪ ದಿನ ಮೊಸಳೆ ನೀರೊಳಗೇ ಇತ್ತು. ಮಧುಮತಿ ಮತ್ತೆ ಮುಖ ತೊಳೆದು ದೀಪ ಹಚ್ಚಿದಳು. ಜೊಯಿಡಾ ದಾರಿಯ ಒಂದು ರಿಸಾರ್ಟಿನವರು ಅವಳ ವಿಡಿಯೊ ನೋಡಿ, ಬಂದ ಅತಿಥಿಗಳ ಮುಂದೆ ರೊಟ್ಟಿ ಬಡಿದು ತೋರಿಸಲು ವಾರಕ್ಕೊಮ್ಮೆ ಬರುತ್ತೀರಾ ಎಂದು ಸುಭಾಸನ ಕೈಯಲ್ಲಿ ಕೇಳಿಸಿದರು. ಗೋದುಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ದುರ್ಗವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು ನಿರ್ಮಲಾಳ ಹತ್ತಿರ ಬಂದು ಹೇಳಿದಳು, "ಇನ್ನ ನೀ ಒಬ್ಬಾಕೀನ ಒಲಿ ಮುಂದ. ಆಕಿ ಮಂದಿಗೆ ಬಡಿತಾಳ, ನೀ ಮನಿಗೆ ಬಡಿ. ನಿನ್ನ ಹಣೇಬಾರ ರೊಟ್ಟಿಯಂಗ ದುಂಡಗೈತಿ ನೋಡವಾ, ಎಲ್ಲಿ ಹಿಡದ್ರೂ ತುದಿ ಸಿಗಂಗಿಲ್ಲ."

ರಿಸಾರ್ಟಿನ ಸುದ್ದಿ ಹೇಳಿದ ವಿಡಿಯೊದಲ್ಲಿಯೂ ಮಧುಮತಿ ಕೈಮುಗಿದು ಅಂದಿದ್ದಳು: "ಎಲ್ಲಾ ನಮ್ಮ ಅತ್ತಿಯವರ ಪುಣ್ಯಾ."

ನಿರ್ಮಲಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ತೆಗೆದಳು. ಬಾಯಿಗೆ ಬಂದದ್ದನ್ನು ಬರೆದಳು.

ಭಾನುವಾರ ಮಧ್ಯಾಹ್ನ ನಿರ್ಮಲಾ ಒಲೆಯ ಮುಂದಿದ್ದಳು, ಉಳಿದವರೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದರು. ಮಂದಿ ಏನು ಬರೆದಿದ್ದಾರೆಂದು ಓದಿಸಿ ಕೇಳುವುದು ಗೋದುಬಾಯಿಯ ರೂಢಿ. ಮಧುಮತಿಯೇ ಓದುತ್ತಿದ್ದಳು. ಒಳ್ಳೆಯದನ್ನು ಜೋರಾಗಿ, ಕೆಟ್ಟದ್ದನ್ನು ಮನಸ್ಸಿನಲ್ಲೇ. ಒಂದು ಕಡೆ ದನಿ ನಿಂತಿತು.

"ಓದಬೇ, ಯಾಕ ನಿಂತಿ?"

"ಮೊಸಳಿ ಬರದೈತ್ರಿ ಅತ್ತಿ," ಮಧುಮತಿ ನಿಧಾನವಾಗಿ ಓದಿದಳು. "'ಈಕಿ ರೊಟ್ಟಿ ಅಂದ್ರ ಭೋಂಗಾ ಆದಮ್ಯಾಲ ಬಂದ ಡಬ್ಬಿ. ಯಾರಿಗೂ ಉಪಯೋಗಿಲ್ಲ.'"

ಜ್ಯೋತಿಬಾ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

ಭೋಂಗಾ ಅಂದರೆ ಮಿಲ್ಲಿನ ಸೈರನ್ನು. ಅದು ದಾಂಡೇಲಿಗೆಲ್ಲ ಗೊತ್ತು. ಆದರೆ ಈ ಮಾತು ಊರಿನದಲ್ಲ. ಪರಸಪ್ಪ ಕೆಲಸದಲ್ಲಿದ್ದಾಗ ಹೊಸ ಹೆಂಡತಿಯಾದ ಗೋದುಬಾಯಿ ಒಮ್ಮೆ ಊಟದ ಡಬ್ಬಿ ಒಯ್ಯುವಷ್ಟರಲ್ಲಿ ಊಟದ ಹೊತ್ತು ಮುಗಿದ ಭೋಂಗಾ ಕೂಗಿ, ಗೇಟು ಮುಚ್ಚಿ, ಅವಳು ಅಳುತ್ತ ಡಬ್ಬಿ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಅಂದಿನಿಂದ ತಡವಾಗಿ ಬಂದ ಮಳೆಗೆ, ತಡವಾಗಿ ಬಂದ ನೆಂಟರಿಗೆ, ತಡವಾಗಿ ಬಂದ ಬುದ್ಧಿಗೆ ಅವಳು ಅನ್ನುತ್ತಿದ್ದ ಮಾತು ಅದು. ಈ ಮನೆಯ ನಾಲ್ಕು ಗೋಡೆಯ ಆಚೆ ಅದನ್ನು ಯಾರೂ ಅಂದದ್ದಿಲ್ಲ.

"ಇದು ನಮ್ಮ ಮನಿ ಮಾತು," ಎಂದಳು ಮಧುಮತಿ.

ಎಲ್ಲರೂ ಗೋದುಬಾಯಿಯ ಕಡೆ ನೋಡಿದರು.

"ನನ್ನ ಯಾಕ ನೋಡ್ತೀರಿ? ನನಗ ಫೋನ್ ತಲಿ ಯಾವದು, ಕಾಲು ಯಾವದು ತಿಳ್ಯಂಗಿಲ್ಲ."

ಸುಭಾಸ ಹೆಂಡತಿಯ ಕೈಯಿಂದ ಫೋನು ಕಸಿದುಕೊಂಡ. ಮೊಸಳೆಯ ಹೆಸರು ಒತ್ತಿ ಅದರ ಹಳೆಯದೆಲ್ಲ ಕೆದಕುತ್ತ ಹೋದ. ಕೊಟ್ಟಕೊನೆಗೆ ಒಂದು ಹಳೆಯ ವಿಡಿಯೊ ಸಿಕ್ಕಿತು. ಹೊಳೆಯ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯುತ್ತಿತ್ತು. ಹಿಂದಿನಿಂದ ಒಂದು ಎಳೆಯ ದನಿ: "ನೋಡ್ರಿ, ನಮ್ಮ ಅಪ್ಪನಂಗ ಪಾಳಿ ಮುಗಿಸಿ ಮಲಗೈತಿ."

ಸುಮಿತಾಳ ದನಿ.

ಜ್ಯೋತಿಬಾ ತಟ್ಟೆ ಸರಿಸಿದ. "ನೀನೇನು?"

ಸುಮಿತಾ ತಲೆ ತಗ್ಗಿಸಿದಳು.

"ಬಾಯಿ ಬಿಡು. ನಿನ್ನ ಮಧುಮತಿ ಕಾಕು ನಿನಗ ಏನ ಮಾಡಿದ್ಲು?"

"ಸುಮೀ," ಮಧುಮತಿ ಅವಳ ಕಡೆ ತಿರುಗಿದಳು, "ನಿನ್ನ ತಲಿ ನಾ ಬಾಚತಿದ್ನೆಲ್ಲ. ಮಕ್ಕಳಿಲ್ಲಂತ ಮಂದಿ ನನಗ ಅಂದಾಗ ಬಾಗಲ ಮರೀಗೆ ನಿಂತು ನೀನೂ ನಕ್ಕೇನು?"

ಹುಡುಗಿಯ ಕಣ್ಣಿಂದ ನೀರು ತಟ್ಟೆಗೆ ಬಿತ್ತು. ಆದರೂ ಅವ್ವನ ಕಡೆ ಕಣ್ಣೆತ್ತಲಿಲ್ಲ.

"ಸಾಕು," ಎಂದ ಜ್ಯೋತಿಬಾ. "ಫೋನ್ ಇಲ್ಲಿ ತಾ. ಧಾರವಾಡ ಗೀರವಾಡ ಇಲ್ಲ. ಮನ್ಯಾಗಿನವ್ರಿಗೆ ಹಿಂಗ ಮಾಡಾಕಿ ಹಾಸ್ಟೆಲ್ಲಿನ್ಯಾಗ ಏನೇನ ಮಾಡ್ತಾಳೋ. ನಾಳಿಂದ ಒಲಿ ಮುಂದ ಕೂಡ್ರು."

"ಹೌದೌದು," ಪರಸಪ್ಪನೂ ಗೊಣಗಿದ, "ಕಲಿತದ್ದ ಹೆಚ್ಚಾತು."

ನಿರ್ಮಲಾ ಹಂಚಿನ ಮೇಲೆ ರೊಟ್ಟಿ ಹಾಕಿದ್ದಳು. ಅದು ಸುಟ್ಟು ಹೊಗೆ ಎದ್ದಿತು. ತೆಗೆಯಲಿಲ್ಲ.

"ಆಕಿ ಅಲ್ಲ," ಎಂದಳು. "ನಾ ಬರದದ್ದು."

"ನೀ ನಡುವ ಬರಬ್ಯಾಡ. ಮಗಳನ್ನ ಮುಚ್ಚಾಕ—"

"ಎಲ್ಲಾ ನಾನ. ಗಿಲಾವ್ ಅಂದಾಕಿನೂ ನಾನ, ಡ್ಯಾಮ್ ಅಂದಾಕಿನೂ ನಾನ. ಮಕ್ಕಳ ಮಾತ ಮಾತ್ರ ನಂದಲ್ಲ. ನನ್ನ ಮಗಳ ಆಣಿ, ಅದು ನಂದಲ್ಲ."

ಮಧುಮತಿ ಎದ್ದು ನಿಂತಳು. "ಅದು ನಿಮ್ದಲ್ಲಕ್ಕಾ, ಆದ್ರ ಅವರಿಗೆ ಬಾಗಲಾ ತಗದವ್ರು ಯಾರು? ಯಾಕಕ್ಕಾ? ನಾ ನಿಮಗ ಏನ ಮಾಡಿದ್ದೆ?"

"ಏನೂ ಮಾಡ್ಲಿಲ್ಲ. ಅದ ತಪ್ಪು. ನಿನ್ನ ಕೈ ಹಿಡದು ರೊಟ್ಟಿ ಕಲಿಸಿದಾಕಿ ಯಾರು? ಹೇಳು, ನಿನ್ನ ದೀಪ ಹಚ್ಚಿ ಹೇಳು! ಊರ ಮಂದಿಗೆ ನಾ ಬಾಂಡೆ ತಿಕ್ಕಾಕಿ!"

ಮಧುಮತಿ ಬಾಯಿ ತೆರೆದಳು. ಕಣ್ಣು ಅತ್ತೆಯ ಕಡೆ ಹೋಯಿತು. "ಮೊದಲನೇ ವಿಡಿಯೋದಾಗ ನಿಮ್ಮ ಹೆಸರ ಹೇಳಿದ್ದೆ. ಅತ್ತಿಯವ್ರು ಎರಡ ದಿನ ನನ್ನ ಕೂಡ ಮಾತ ಬಿಟ್ರು. ಅದನ್ನ ಅಳಿಸಿ ಇನ್ನೊಂದ ಮಾಡಿದೆ."

"ನನ್ನ ಮ್ಯಾಲ ಹಾಕಬ್ಯಾಡ್ರಿ!" ಗೋದುಬಾಯಿ ಕೂಗಿದಳು. "ನಿಮ್ಮ ನೆಗೆಣ್ಣಿ ಜಗಳಕ್ಕ ನಾ ಯಾಕ ಕಟ್ಟಿಗಿ ಆಗ್ಲಿ?" ಮಂಡಿನೋವನ್ನೂ ಮರೆತು ಎದ್ದು ಹಿತ್ತಲಿಗೆ ಹೋದಳು.

ಆ ದಿನದ ಊಟ ಹಾಗೆಯೇ ಆರಿಹೋಯಿತು.

ಮುಂದಿನ ವಾರಗಳಲ್ಲಿ ಮಾತು ಕಡಿಮೆಯಾಯಿತು, ಪಾತ್ರೆಯ ಸದ್ದು ಹೆಚ್ಚಾಯಿತು. ಜ್ಯೋತಿಬಾ ಮಗಳ ಫೋನು ಮರಳಿ ಕೊಟ್ಟ. ಧಾರವಾಡದ ಕಾಲೇಜಿಗೆ ಅವನೇ ಹೋಗಿ ಹೆಸರು ಹಚ್ಚಿ ಬಂದ. ತಪ್ಪಾಯಿತು ಎಂದು ಅವನ ಬಾಯಲ್ಲಿ ಬರಲಿಲ್ಲ, ಬದಲಿಗೆ ಪೇಡೆ ತಂದ. ಹೆಂಡತಿಗೆ ಮಾತ್ರ "ಮೊಸಳಿ, ನೀರ ಕೊಡು" ಎನ್ನುತ್ತಿದ್ದ. ಸುಭಾಸ ಬೇರೆ ಮನೆ ಹುಡುಕುತ್ತಿದ್ದಾನೆಂದು ದುರ್ಗವ್ವನೇ ಸುದ್ದಿ ತಂದಳು. ಮಧುಮತಿ ವಿಡಿಯೊ ನಿಲ್ಲಿಸಿದಳು. ರಿಸಾರ್ಟಿನವರಿಗೆ "ಆಮ್ಯಾಲ ನೋಡೂಣು" ಎಂದು ಹೇಳಿ ಕಳಿಸಿದಳು. ದೀಪ ಅಟ್ಟಕ್ಕೆ ಹೋಯಿತು. ನಿರ್ಮಲಾಗೆ ಬೇಕಾಗಿದ್ದೂ ಅದೇ ಇರಬೇಕು. ಆದರೆ ಈಗ ಕುಕ್ಕರ್ ಬೇಕಾದಷ್ಟು ಸೀಟಿ ಹೊಡೆದರೂ ಅವಳಿಗೆ ಅದು ಕೇಳಲು ಹಿತವಾಗಿರಲಿಲ್ಲ.

ಒಂದು ಮುಂಜಾನೆ ಅತ್ತೆ ಮತ್ತು ನಿರ್ಮಲಾ ಕೂತು ಶೇಂಗಾ ಸುಲಿಯುತ್ತಿದ್ದರು.

"ಒಂದ ಮಾತ ಹೇಳಬಹುದಿತ್ತಲ್ಲ ಅತ್ತಿ. 'ನಾ ಅಲ್ಲ, ನಿರ್ಮಲಾ ಕಲಿಸಿದ್ಲು' ಅಂತ."

ಗೋದುಬಾಯಿ ಸಿಪ್ಪೆ ಊದಿದಳು. "ಇಷ್ಟ ವರ್ಷ ಅಡಗಿ ಮಾಡಿದ್ನೆಲ್ಲ, ನನ್ನ ಹೆಸರ ಯಾರ ತಗೊಂಡಿದ್ರು? ಪರಸಪ್ಪನ ಡಬ್ಬಿ ಅಂತಿದ್ರ ಹೊರತು ಗೋದುಬಾಯಿ ಡಬ್ಬಿ ಅಂತ ಒಬ್ರೂ ಅನ್ನಲಿಲ್ಲ. ಸಿಕ್ಕಿತ್ತು, ಇಟಗೊಂಡೆ. ಹೊಟ್ಟಿಕಿಚ್ಚು ನಿನಗ ಒಬ್ಬಾಕಿಗೇ ಐತೇನು?"

ನಿರ್ಮಲಾ ಮತ್ತೊಂದು ಹಿಡಿ ಶೇಂಗಾ ಅತ್ತೆಯ ಮುಂದೆ ಸರಿಸಿದಳು. ಇಬ್ಬರೂ ಶೇಂಗಾ ಸುಲಿದರು.

ಆಗ ಮಧುಮತಿ ಒಳಬಂದಳು. ಕೈಯಲ್ಲಿ ಅಟ್ಟದಿಂದ ಇಳಿಸಿದ ದೀಪ. ಮುಖ ಇನ್ನೂ ಗಂಟು.

"ಅಕ್ಕಾ, ಎಸರ ಇಡ್ರಿ."

"ಯಾಕ?"

"ನಾ ಮೈ ಮುರದು ಮಾಡಿದ ರೊಟ್ಟಿ ಬಿಟ್ಟು ಮಂದಿ ನಿಮ್ಮನ್ನ ಕೇಳಾಕತ್ತಾರ. 'ಮೊಸಳಿ ಎಲ್ಲಿ ಹೋತು, ಮೊಸಳಿ ಇಲ್ಲದ ಮಜಾ ಇಲ್ಲ' ಅಂತ." ಮಧುಮತಿಯ ಮೂಗಿನ ತುದಿ ಕೆಂಪಾಗಿತ್ತು. ಅದು ಅಳುವೋ ಹೊಟ್ಟೆಕಿಚ್ಚೋ ಹೇಳುವುದು ಕಷ್ಟ. "ಮೊಸಳಿಗೆ ಬರೇ ಬಾಯಿ ಐತೋ, ಕೈನೂ ಅದಾವೋ, ನೋಡ್ಲಿ ಊರ ಮಂದಿ."

"ನಾ ಅದರ ಮುಂದ ಬರಂಗಿಲ್ಲ."

"ಮುಖಾ ಮುಚಗೊಂಡ ಬರಾಕ ಛಲೋ ಬರತೈತಿ. ತೋರಿಸಿ ಬರಾಕ ಅಂಜಿಕೇನು?"

ನಿರ್ಮಲಾ ಶೇಂಗಾದ ಮೊರ ಬದಿಗಿಟ್ಟು ಎದ್ದಳು. ಎಸರಿಟ್ಟಳು.

ಆ ವಿಡಿಯೊದಲ್ಲಿ ಮಧುಮತಿ ಹೆಚ್ಚು ಮಾತಾಡಲಿಲ್ಲ. "ಇವರು ನಿರ್ಮಲಾ, ನಮ್ಮಕ್ಕ. ನನಗ ರೊಟ್ಟಿ ಕಲಿಸಿದವ್ರು. ಮೊಸಳಿ ಅಂದ್ರ ಇವರ. ಇನ್ಮ್ಯಾಲ ಹೆಸರ ಹಾಕಿ ಬೈತಾರಂತ," ಎಂದಷ್ಟೇ ಹೇಳಿ ದೀಪವನ್ನು ಆ ಕಡೆ ತಿರುಗಿಸಿದಳು. ನಿರ್ಮಲಾಳ ಕೈ ಪರಾತದಲ್ಲಿ ಹಿಟ್ಟು ತಿರುಗಿಸುತ್ತ ಬಡಿಯಿತು. ರೊಟ್ಟಿ ಉಬ್ಬಿತು. ಪಡಸಾಲೆಯಲ್ಲಿ ಪರಸಪ್ಪ ಕೆಮ್ಮಿದ, ಯಾರೂ ಬೈಯಲಿಲ್ಲ. ಸುಭಾಸ ಬೇರೆ ಮನೆಯ ಮಾತು ಆ ದಿನ ಎತ್ತಲಿಲ್ಲ, ಬಿಟ್ಟೆ ಎಂದೂ ಹೇಳಲಿಲ್ಲ.

ವಿಡಿಯೊವನ್ನು ಗೋದುಬಾಯಿ ಮೂರು ಸಲ ಹಾಕಿಸಿ ನೋಡಿದಳು. ಮೂರು ಸಲವೂ ತನ್ನ ಹೆಸರು ಬರಲಿಲ್ಲ.

"ಸುಮೀ, ಬಾ ಇಲ್ಲೆ," ಎಂದು ಮೊಮ್ಮಗಳನ್ನು ಕರೆದಳು. "ಅದರ ಕೆಳಗ ನಾ ಹೇಳಿದ್ದು ಬರಿ. 'ನಿರ್ಮಲಾ ಹೆಸರು ಹೇಳಿದ್ದು ಭೋಂಗಾ ಆದಮ್ಯಾಲ ಬಂದ ಡಬ್ಬಿ.' ಬರದ್ಯಾ? ಕೆಳಗ ಹಾಕು, 'ಗೋದುಬಾಯಿ ಪರಸಪ್ಪ, ದಾಂಡೇಲಿ.' ಹೆಸರ ಹಾಕಿದ್ರ ಅದು ಟ್ರೋಲ್ ಅಲ್ಲ, ಹೌದಿಲ್ಲೋ?"

"ಅಲ್ಲ ಆಯಿ," ಸುಮಿತಾ ನಗು ತಡೆದು ಬರೆದಳು. "ಅದು ಮಾತು."

ಅಡುಗೆಮನೆಯಲ್ಲಿ ಮಧುಮತಿಯ ಫೋನು ಟಿಂಗೆಂದಿತು. ಅವಳು ಅದನ್ನು ಓದಿ, ಹಿಟ್ಟಿನ ಕೈಯಲ್ಲಿದ್ದ ನಿರ್ಮಲಾಳ ಮುಖದ ಮುಂದೆ ಹಿಡಿದಳು. ನಿರ್ಮಲಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹಂಚಿನಿಂದ ರೊಟ್ಟಿ ಎತ್ತಿ ತಟ್ಟೆಗೆ ಹಾಕಿದಳು. ಮೇಲೆ ಬೆಣ್ಣೆ ಇಟ್ಟಳು.

"ತಡಾ ಆದ್ರೂ ಬಂದು ಉಣ್ರಿ ಅತ್ತಿ," ಎಂದು ಒಳಗಿಂದಲೇ ಕೂಗಿದಳು, "ಆರಿ ಹೊಕ್ಕೈತಿ."